ಭಾನುವಾರ ಮಾಕ್ ಟೆಸ್ಟ್ ಅಂದರೆ ಮಗಳಿಗೆ ಹೊಟ್ಟೆನೋವು. ನಾವು ಮನೆಯವರು ಎಂತ ಮಾಡಬಹುದು?

ಬಿಜೈ ಅಮ್ಮ (ಭಾನುವಾರ, ರಾತ್ರಿ 10.40)

ಎಲ್ಲರಿಗೂ ನಮಸ್ಕಾರ. ಮಗಳು ಸೆಕೆಂಡ್ ಪಿಯುಸಿ, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ). ಕಾಲೇಜು ಮಂಗಳೂರಿನಲ್ಲೇ, ಮನೆಯಿಂದ ಹೋಗಿ ಬರುತ್ತಾಳೆ. ಬೆಳಿಗ್ಗೆ ಏಳೂವರೆಗೆ ಬಸ್ಸು ಹತ್ತಿದರೆ ಕೋಚಿಂಗ್ ಮುಗಿಸಿ ಮನೆ ಸೇರುವಾಗ ಸಂಜೆ ಏಳು. ಭಾನುವಾರ ಮಾಕ್ ಟೆಸ್ಟ್. ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ, ಏಪ್ರಿಲ್‌ನಲ್ಲಿ ಎಂಜಿನಿಯರಿಂಗ್ ಮುಂತಾದ ಸೀಟಿಗೆ ಸಿಇಟಿ, ಮೇ ತಿಂಗಳಲ್ಲಿ ಮೆಡಿಕಲ್ ಸೀಟಿಗೆ ನೀಟ್. ಇನ್ನು ಉಳಿದಿರುವುದು ಮೂರು ತಿಂಗಳು.

ಮೂರು ವಾರದಿಂದ ಭಾನುವಾರ ಬೆಳಿಗ್ಗೆ ಎದ್ದ ಕೂಡಲೇ ಅವಳಿಗೆ ಹೊಟ್ಟೆನೋವು. ಮೊದಲ ವಾರ ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಮಾಡಿ ಕೊಟ್ಟೆ. ಎರಡನೇ ವಾರ ಓಮದ ನೀರು. ಈವತ್ತು ವಾಂತಿಯೇ ಮಾಡಿಕೊಂಡಳು. ನೀರ್ ದೋಸೆ ಅಂದರೆ ಆರೇಳು ತಿನ್ನುವವಳು, ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು ಹೋದಳು. ಸೋಮವಾರ ಬಂದರೆ ನೋವು ಇಲ್ಲ. ನಾನು ಕಳೆದ ವಾರ "ಟೆಸ್ಟ್ ತಪ್ಪಿಸಲಿಕ್ಕೆ ನಾಟಕ ಮಾಡ್ಬೇಡ" ಅಂದುಬಿಟ್ಟೆ. ಅವಳು ಎದುರು ಮಾತಾಡಲಿಲ್ಲ, ಸುಮ್ನೆ ಚಪ್ಪಲಿ ಹಾಕಿಕೊಂಡು ಹೋದಳು. ಅದನ್ನು ನೆನೆದರೆ ಈಗ ತುಂಬಾ ಸಂಕಟ ಆಗುತ್ತದೆ.

ನಾವು ಅವಳಿಗೆ ಹೊಡೆದವರಲ್ಲ, ಬೈಯುವವರೂ ಅಲ್ಲ. ಕೋಚಿಂಗಿನವರು ಸಂಜೆ ಅಂಕಪಟ್ಟಿಯನ್ನು ತಂದೆ ತಾಯಿಯರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುತ್ತಾರೆ, ಅದನ್ನು ನೋಡಿ ಎಲ್ಲಿ ಹೋಯಿತು ಅಂತ ಕೇಳುತ್ತೇವೆ, ಅಷ್ಟೇ. ಡಿಸೆಂಬರಿನಲ್ಲಿ ನೀಟ್ ಮಾದರಿ ಟೆಸ್ಟಿನಲ್ಲಿ 720ಕ್ಕೆ 510 ಬರುತ್ತಿತ್ತು, ಈಗ 430, 440. ಅವಳ ಅಪ್ಪ ಮಸ್ಕತ್‌ನಲ್ಲಿ ಇರುವುದು. ಅವರಿಗೂ ಚಿಂತೆ, ನನಗೂ ಚಿಂತೆ. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಕುಂಜಿಬೆಟ್ಟು ಅಪ್ಪ (ಭಾನುವಾರ, ರಾತ್ರಿ 11.15)

ಮೊದಲು ಡಾಕ್ಟರಿಗೆ ತೋರಿಸಿ. ಭಯದಿಂದಲೇ ಇರಬಹುದು, ಆದರೂ ತೋರಿಸಿ.

ಮಣಿಪಾಲದ ನರ್ಸ್ (ಸೋಮವಾರ, ಬೆಳಿಗ್ಗೆ 6.05)

ನೈಟ್ ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ ಅಕ್ಕ. ಒಂದು ಮಾತು ಮೊದಲೇ ಹೇಳುತ್ತೇನೆ. ಆ ಹೊಟ್ಟೆನೋವು ನಾಟಕ ಅಲ್ಲ. ಹೆದರಿಕೆ ಆದಾಗ ದೇಹ ಓಡಲಿಕ್ಕೆ, ಹೋರಾಡಲಿಕ್ಕೆ ತಯಾರಾಗುತ್ತದೆ. ಎದೆ ಬಡಿತ ಏರುತ್ತದೆ, ಹೊಟ್ಟೆಯ ಕಡೆಗೆ ಹೋಗುವ ರಕ್ತ ಕಡಿಮೆ ಆಗುತ್ತದೆ. ಊಟ ಸೇರುವುದಿಲ್ಲ, ವಾಂತಿ ಬರುತ್ತದೆ, ಹತ್ತು ಸಲ ಬಚ್ಚಲಿಗೆ ಹೋಗಬೇಕು ಅನಿಸುತ್ತದೆ. ನೋವು ನಿಜವಾಗಿಯೂ ಆಗುತ್ತದೆ. ಹಾಗಂತ ಎಲ್ಲವನ್ನೂ ಟೆನ್ಷನ್ ಅಂತ ತಳ್ಳಿಹಾಕುವುದೂ ತಪ್ಪು. ಬೆಳಿಗ್ಗೆ ತಿನ್ನದೆ ಹೋಗಿ ಅಸಿಡಿಟಿ ಆಗಿರಬಹುದು, ಮೂತ್ರದ ಸೋಂಕು ಇರಬಹುದು, ಮುಟ್ಟಿನ ನೋವು ಇರಬಹುದು. ಒಮ್ಮೆ ತೋರಿಸಿದರೆ ನಿಮಗೂ ಸಮಾಧಾನ, ಅವಳಿಗೂ "ಅಮ್ಮ ನನ್ನ ಮಾತು ನಂಬಿದಳು" ಅಂತ ಆಗುತ್ತದೆ.

ರಾತ್ರಿ ಎಷ್ಟು ಗಂಟೆಗೆ ಮಲಗುತ್ತಾಳೆ? ಈ ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ನಿಲ್ಲುವ ಕೆಲಸದ ದೊಡ್ಡ ಪಾಲು ನಡೆಯುವುದೇ ನಿದ್ದೆಯಲ್ಲಿ.

ಬಿಜೈ ಅಮ್ಮ (ಸೋಮವಾರ, ಬೆಳಿಗ್ಗೆ 9.20)

ಒಂದು ಗಂಟೆ, ಕೆಲವೊಮ್ಮೆ ಒಂದೂವರೆ. ಏಳುವುದು ಐದೂವರೆಗೆ. ಹತ್ತು ಗಂಟೆಗೆ ನಾನೇ ಕಾಫಿ ಮಾಡಿಕೊಡುತ್ತಿದ್ದೆ. ಡಾಕ್ಟರ್ ಅಪಾಯಿಂಟ್‌ಮೆಂಟ್ ಬುಧವಾರಕ್ಕೆ ತೆಗೆದುಕೊಂಡಿದ್ದೇನೆ.

ಸುರತ್ಕಲ್ ಮಾವ (ಸೋಮವಾರ, ಬೆಳಿಗ್ಗೆ 10.50)

ನನ್ನದು ಬೇರೆ ಅಭಿಪ್ರಾಯ, ಬೇಸರ ಮಾಡಿಕೊಳ್ಳಬೇಡಿ. ನಾವು ಚಿಮಿಣಿ ದೀಪದಲ್ಲಿ ಓದಿದವರು. ಮೂರು ಮೈಲಿ ಗದ್ದೆ ಹುಣಿಯಲ್ಲಿ ನಡೆದು ಶಾಲೆಗೆ ಹೋದವರು. ಸ್ವಲ್ಪ ಒತ್ತಡ ಇಲ್ಲದಿದ್ದರೆ ಮಕ್ಕಳು ಓದುವುದಿಲ್ಲ. ನಮ್ಮ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜು ಉಂಟು. ದೇಶದ ಮೂಲೆ ಮೂಲೆಯಿಂದ ಮಕ್ಕಳು ಜೆಇಇ ಬರೆದು ಬಂದು ಅಲ್ಲಿ ಓದುತ್ತಾರೆ. ನಮ್ಮ ಮಕ್ಕಳು ಗೇಟಿನ ಹೊರಗೆ ನಿಂತು ನೋಡುವುದಾ? ಹೊಟ್ಟೆನೋವು ಅಂತ ಟೆಸ್ಟ್ ಬಿಡಿಸಿದರೆ ನಾಳೆ ಪರೀಕ್ಷೆಯ ದಿನವೂ ಹೊಟ್ಟೆನೋವು ಬರುತ್ತದೆ.

ರಸಾಯನಶಾಸ್ತ್ರ ಮೇಡಂ, ಉಡುಪಿ (ಸೋಮವಾರ, ಸಂಜೆ 5.30)

ಮಾವ ಹೇಳಿದ್ದರಲ್ಲಿ ಕೊನೆಯ ಮಾತು ನಾನೂ ಒಪ್ಪುತ್ತೇನೆ. ಟೆಸ್ಟ್ ಬಿಡಿಸುವುದು ದಾರಿ ಅಲ್ಲ. ಒಮ್ಮೆ ತಪ್ಪಿಸಿದರೆ ಆ ಕ್ಷಣಕ್ಕೆ ಹಗುರ ಆಗುತ್ತದೆ, ಮುಂದಿನ ಸಲಕ್ಕೆ ಹೆದರಿಕೆ ದುಪ್ಪಟ್ಟಾಗುತ್ತದೆ. ಸ್ವಲ್ಪ ಒತ್ತಡ ಬೇಕು ಅನ್ನುವುದೂ ಸರಿ. ಆದರೆ ಆ ಸ್ವಲ್ಪವನ್ನು ಪರೀಕ್ಷೆಯೇ ಕೊಡುತ್ತದೆ ಮಾವ, ಕಾಲೇಜು ಕೊಡುತ್ತದೆ, ಕೋಚಿಂಗ್ ಕೊಡುತ್ತದೆ. ಮನೆಯಲ್ಲಿ ಮತ್ತೆ ಸೇರಿಸಬೇಕಾಗಿಲ್ಲ.

ನಾನು 19 ವರ್ಷದಿಂದ ಪಿಯು ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಬಿಜೈ ಅಮ್ಮನಿಗೆ ಅಂಕ ಇಳಿದ ವಿಷಯ ಮೊದಲು ಹೇಳುತ್ತೇನೆ. ಡಿಸೆಂಬರ್ ತನಕ ಸಾಮಾನ್ಯವಾಗಿ ನಾಲ್ಕೈದು ಪಾಠಗಳ ಮೇಲೆ ಟೆಸ್ಟ್ ಇರುತ್ತದೆ. ಜನವರಿ ನಂತರ ಎರಡೂ ವರ್ಷದ ಪೂರ್ತಿ ಪೋರ್ಷನ್. ಫಸ್ಟ್ ಪಿಯುಸಿಯಲ್ಲಿ ಓದಿದ ಮೋಲ್ ಲೆಕ್ಕ, ಸಸ್ಯಗಳ ವರ್ಗೀಕರಣ ಎಲ್ಲ ಮರೆತಿರುತ್ತದೆ. ಆಗ ಅಂಕ ಇಳಿಯುವುದು ನನ್ನ ಚೆನ್ನಾಗಿ ಓದುವ ಮಕ್ಕಳಿಗೂ ಆಗುತ್ತದೆ. 510 ಮತ್ತು 430 ಒಂದೇ ರೀತಿಯ ಪರೀಕ್ಷೆಯ ಅಂಕಗಳಾ ಅಂತ ಕೇಳಿ ನೋಡಿ.

ಇನ್ನೊಂದು, ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿಯಾದರೆ ನಾಲ್ಕು ಸಿಗುತ್ತದೆ, ತಪ್ಪಾದರೆ ಒಂದು ಹೋಗುತ್ತದೆ. ಗಾಬರಿಯಲ್ಲಿ ಇರುವ ಮಗು ಗೊತ್ತಿಲ್ಲದ್ದಕ್ಕೂ ಗುಂಡು ಹೊಡೆಯುತ್ತದೆ. ಇಪ್ಪತ್ತು ಪ್ರಶ್ನೆ ಹಾಗೆ ತಪ್ಪಿದರೆ, ಕಷ್ಟಪಟ್ಟು ಸರಿ ಮಾಡಿದ ಐದು ಪ್ರಶ್ನೆಯ ಅಂಕ ಕೊಚ್ಚಿಹೋಗುತ್ತದೆ. ಸಿಇಟಿಯಲ್ಲಿ ಹಾಗಿಲ್ಲ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕದ ಅರ್ಧ, ಸಿಇಟಿಯ ಅರ್ಧ ಸೇರುತ್ತದೆ. ಎರಡೂ ಪರೀಕ್ಷೆಯ ಗುಣ ಬೇರೆ. ಒಂದರಲ್ಲಿ ಬಿಟ್ಟುಬಿಡುವ ಧೈರ್ಯ ಬೇಕು, ಇನ್ನೊಂದರಲ್ಲಿ ವೇಗ ಬೇಕು. ತಪ್ಪಾದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಪಕ್ಕದಲ್ಲಿ ಕಾರಣ ಹಾಕಲಿಕ್ಕೆ ಹೇಳುತ್ತೇನೆ: ಗೊತ್ತಿರಲಿಲ್ಲ, ಗೊತ್ತಿದ್ದೂ ತಪ್ಪಿತು, ಸಮಯ ಸಾಲಲಿಲ್ಲ. ಆ ಪುಸ್ತಕ ಮಗು ಮತ್ತು ಮೇಷ್ಟ್ರ ನಡುವೆ ಇರಲಿ. ದಯವಿಟ್ಟು ಅಪ್ಪ ಅಮ್ಮ ಅದನ್ನು ತೆರೆಯಬೇಡಿ.

ನೀಟ್ ಇರುವುದು ಮಧ್ಯಾಹ್ನ ಎರಡರಿಂದ ಐದು. ಮೇ ತಿಂಗಳ ಮಧ್ಯಾಹ್ನ ನಮ್ಮ ಊರಿನ ಸೆಕೆ ಹೇಗಿರುತ್ತದೆ ಅಂತ ನಿಮಗೆಲ್ಲ ಗೊತ್ತು. ಊಟ ಮಾಡಿ ಕಣ್ಣು ಎಳೆಯುವ ಹೊತ್ತು ಅದು. ರಾತ್ರಿ ಒಂದೂವರೆ ತನಕ ಓದಿ ಅಭ್ಯಾಸ ಆದವರಿಗೆ ಆ ಹೊತ್ತಿನಲ್ಲಿ ತಲೆ ಓಡುವುದಿಲ್ಲ. ವಾರಕ್ಕೆ ಒಮ್ಮೆಯಾದರೂ ಎರಡು ಗಂಟೆಗೆ ಕೂತು, ಎ.ಸಿ. ಇಲ್ಲದ ಕೋಣೆಯಲ್ಲಿ, ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆಯಲ್ಲೇ ಬರೆಯಲಿ. ರಾತ್ರಿ ಹತ್ತರ ಕಾಫಿ ನಾಳೆಯಿಂದಲೇ ನಿಲ್ಲಿಸಿ.

ಹಾವೇರಿ ತಾಯಿ (ಸೋಮವಾರ, ರಾತ್ರಿ 8.10)

ನನ್ನ ಮಗ ಅಲ್ಲೇ ನಿಮ್ಮ ಕಡೆ ಹಾಸ್ಟೆಲ್‌ನಾಗ ಇದ್ದಾನ್ರಿ. ಉಡುಪಿ, ಮಂಗಳೂರು ಕಡೆ ಪಿಯು ರಿಸಲ್ಟ್ ಚಲೋ ಬರ್ತದ ಅಂತ ಕೇಳಿ, ಹೊಲದ ಮ್ಯಾಲೆ ಸಾಲ ತೆಗೆದು ಸೇರಿಸಿದ್ವಿ. ಭಾನುವಾರ ಹತ್ತು ನಿಮಿಷ ಮಾತ್ರ ಫೋನು. ಆ ಹತ್ತು ನಿಮಿಷದಲ್ಲಿ ನಾವು ಕೇಳುತ್ತಿದ್ದದ್ದು ಒಂದೇ: "ಎಷ್ಟು ಬಂತು? ಫೀ ಎಷ್ಟು ಕಟ್ಟೀವಿ ನೆನಪೈತಿಲ್ಲ?" ದೀಪಾವಳಿ ನಂತರ ಅವನು ಫೋನಿಗೆ ಬರುವುದನ್ನೇ ನಿಲ್ಲಿಸಿದ. ವಾರ್ಡನ್ ಕೈಲಿ "ಓದಾಕತ್ತೀನಿ ಅಂತ ಹೇಳ್ರಿ" ಅಂತ ಹೇಳಿ ಕಳಿಸುತ್ತಿದ್ದ. ಮೂರು ವಾರ ಮಗನ ದನಿ ಕೇಳಲಿಲ್ಲ.

ಬಸ್ಸು ಹತ್ತಿ ಬಂದೆ. ಹಾಸ್ಟೆಲ್ ಗೇಟಿನ ಹತ್ತಿರ ಕಲ್ಲುಬೆಂಚಿನ ಮೇಲೆ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಟ್ಟೆ. ಎರಡು ರೊಟ್ಟಿ ತಿಂದ ಮೇಲೆ ಹೇಳಿದ: "ಅವ್ವಾ, ಪುಸ್ತಕ ತೆಗೆದ್ರ ಹೊಲ ಕಾಣಸ್ತದ." ಅವತ್ತಿನಿಂದ ಸಾಲದ ಮಾತು ಆಡಿಲ್ಲ. ಈಗ ಫೋನಿನಲ್ಲಿ ಎಮ್ಮೆ ಕರು ಹಾಕಿದ್ದು, ತಂಗಿ ಸೈಕಲ್ ಕಲಿತದ್ದು, ಇವೇ ಮಾತು. ಅಂಕ ಎಷ್ಟು ಅಂತ ಅವನೇ ಒಮ್ಮೊಮ್ಮೆ ಹೇಳ್ತಾನ್ರಿ. ಒಮ್ಮೊಮ್ಮೆ ಹೇಳಂಗಿಲ್ಲ.

ಕುಂಜಿಬೆಟ್ಟು ಅಪ್ಪ (ಸೋಮವಾರ, ರಾತ್ರಿ 9.45)

ಹಾವೇರಿ ಅಕ್ಕ, ನಿಮ್ಮ ಮಾತು ಓದಿ ಮನೆಯವಳಿಗೂ ಓದಿ ಹೇಳಿದೆ. ನಿಮ್ಮ ಮಗನಿಗೆ ಮನೆಯ ಊಟ ಬೇಕು ಅನಿಸಿದರೆ ನಮ್ಮ ಮನೆ ಉಂಟು, ಹೇಳಿ.

ನಾನು ಹೇಳಬೇಕು ಅಂದುಕೊಂಡದ್ದು ಕಾಗದಪತ್ರದ ವಿಷಯ. ನನ್ನ ಮಗ ಎರಡು ವರ್ಷದ ಹಿಂದೆ ಬರೆದ. ನನಗೆ ಫಿಸಿಕ್ಸ್ ಗೊತ್ತಿಲ್ಲ, ಬಯಾಲಜಿಯೂ ಗೊತ್ತಿಲ್ಲ. ಪಾಠ ಹೇಳಿಕೊಡಲು ಆಗುವುದಿಲ್ಲ, ಹಾಗಾದರೆ ನನ್ನಿಂದ ಎಂತ ಆಗುತ್ತದೆ ಅಂತ ಯೋಚಿಸಿ ಸಿಇಟಿ ಅರ್ಜಿಯ ಪೂರ್ತಿ ಕೆಲಸ ನನ್ನ ತಲೆಗೆ ಹಾಕಿಕೊಂಡೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಅದಕ್ಕೆ ನಾಡಕಚೇರಿಗೆ ಹೋಗಬೇಕು. ಅವನು ಒಂದರಿಂದ ಹತ್ತನೇ ತನಕ ಕಾರ್ಕಳ ಕಡೆಯ ಹಳ್ಳಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ್ದು. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ ಎರಡಕ್ಕೂ ಶಾಲೆಯಿಂದ ಪ್ರಮಾಣಪತ್ರ ತಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಬೇಕು. ನಡುವೆ ಒಂದು ಶಾಲೆ ಬದಲಾಗಿತ್ತು, ಎರಡೂ ಕಡೆ ಅಲೆದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಅದನ್ನು ಸರಿ ಮಾಡಿಸಲಿಕ್ಕೇ ಒಂದು ತಿಂಗಳು ಹಿಡಿಯಿತು.

ಇದಕ್ಕಾಗಿ ಮಗನಿಗೆ ಒಂದು ಕ್ಲಾಸೂ ತಪ್ಪಿಸಲಿಲ್ಲ. ಎಲ್ಲ ಒಂದು ಫೈಲಿನಲ್ಲಿ ಹಾಕಿ ಅವನ ಮೇಜಿನ ಮೇಲೆ ಇಟ್ಟೆ. ಅವನು ಆ ಫೈಲಿನ ಒಂದೊಂದು ಹಾಳೆಯನ್ನು ತಿರುಗಿಸಿ ನೋಡಿ, "ಅಪ್ಪಾ, ಇದೆಲ್ಲ ಯಾವಾಗ ಮಾಡಿದಿರಿ" ಅಂತ ಕೇಳಿದ. ಅಂಕಪಟ್ಟಿ ಹಿಡಿದು ಎರಡು ವರ್ಷ ನಾನು ಅವನಿಗೆ ಹೇಳಿದ ಬುದ್ಧಿಮಾತಿಗಿಂತ ಆ ಫೈಲು ಜಾಸ್ತಿ ಕೆಲಸ ಮಾಡಿತು ಅಂತ ನನಗೆ ಅನಿಸುತ್ತದೆ. ಅಕ್ಕ, ನಿಮ್ಮ ಯಜಮಾನರು ಮಸ್ಕತ್‌ನಲ್ಲಿದ್ದರೂ ಆಪ್ಷನ್ ಎಂಟ್ರಿಗೆ (ಬೇಕಾದ ಕಾಲೇಜುಗಳನ್ನು ಆರಿಸಿ ಹಾಕಲಿಕ್ಕೆ) ಕಾಲೇಜುಗಳ ಫೀ, ಹಿಂದಿನ ವರ್ಷದ ಕಟ್‌ಆಫ್ ಎಲ್ಲ ಅಲ್ಲಿಂದಲೇ ಕೂತು ಪಟ್ಟಿ ಮಾಡಬಹುದು.

ಮಂಜೇಶ್ವರ (ಮಂಗಳವಾರ, ಬೆಳಿಗ್ಗೆ 7.30)

ನಮ್ಮಂಥ ಗಡಿನಾಡಿನವರಿಗೂ ಹೇಳಿ. ಮಗಳು ಕಾಸರಗೋಡು ಜಿಲ್ಲೆಯ ಕನ್ನಡ ಶಾಲೆಯಲ್ಲೇ ಓದಿದ್ದು.

ಕುಂಜಿಬೆಟ್ಟು ಅಪ್ಪ (ಮಂಗಳವಾರ, ಬೆಳಿಗ್ಗೆ 8.00)

ಗಡಿನಾಡು ಕನ್ನಡಿಗರಿಗೆ ಅವಕಾಶ ಉಂಟು. ಸಿಇಟಿ ಜೊತೆಗೆ 50 ಅಂಕದ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಕನ್ನಡ ಶಾಲೆಯ ಮಗುವಿಗೆ ಅದು ಕಷ್ಟ ಆಗಲಿಕ್ಕಿಲ್ಲ. ಅರ್ಜಿ ತುಂಬುವಾಗಲೇ ಆ ಕಲಂ ಸರಿಯಾಗಿ ಆರಿಸಿ. ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಕೈಪಿಡಿಯನ್ನು ಒಮ್ಮೆ ಪೂರ್ತಿ ಓದಿ.

ಮೀನುಗಾರಿಕೆ ಕಾಲೇಜು ಹುಡುಗಿ (ಮಂಗಳವಾರ, ರಾತ್ರಿ 10.20)

ಬಿಜೈ ಆಂಟಿ, ನಾನು ಚಿಕ್ಕವಳು, ಆದರೂ ಹೇಳುತ್ತೇನೆ. ನೀವು "ಅಷ್ಟೇ" ಅಂತ ಬರೆದಿದ್ದೀರಲ್ಲ, ಆ ವಾಟ್ಸ್‌ಆ್ಯಪ್ ಗ್ರೂಪ್. ನಮ್ಮ ಮನೆಯಲ್ಲೂ ಅದೇ ಇತ್ತು. ನನ್ನ ಅಂಕ ನನಗಿಂತ ಮೊದಲು ಅಮ್ಮನಿಗೆ ಗೊತ್ತಾಗುತ್ತಿತ್ತು. ನಾನು ಇನ್ನೂ ಬಸ್ಸಿನಲ್ಲಿ ಇರುತ್ತಿದ್ದೆ. ನಂತೂರು ದಾಟುವಾಗ ಎದೆ ಹೊಡೆದುಕೊಳ್ಳಲು ಶುರು. ಗೇಟು ತೆಗೆದರೆ ಅಮ್ಮ ಸಿಟ್‌ಔಟಿನಲ್ಲಿ ನಿಂತಿರುತ್ತಿದ್ದರು. ಅವರು ಒಂದು ಮಾತೂ ಆಡುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಆದರೆ ಮುಖ ನೋಡಿದ ಕೂಡಲೇ ನನಗೆ ಗೊತ್ತಾಗುತ್ತಿತ್ತು, ಈ ವಾರ ಎಷ್ಟು ಅಂತ. ನಗು ಇದ್ದರೆ 500 ದಾಟಿದೆ. "ಕೈಕಾಲು ತೊಳೆದುಕೊಂಡು ಬಾ" ಅಂತ ಮೆಲ್ಲಗೆ ಹೇಳಿದರೆ ಕಡಿಮೆ. ಆ ಮೆಲ್ಲಗಿನ ದನಿಗೆ ನಾನು ಎಷ್ಟು ಹೆದರುತ್ತಿದ್ದೆ ಅಂದರೆ, ಒಂದು ದಿನ ನಮ್ಮ ಸ್ಟಾಪಿನಲ್ಲಿ ಇಳಿಯದೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ತನಕ ಹೋಗಿ, ಅದೇ ಬಸ್ಸಿನಲ್ಲಿ ವಾಪಸ್ ಬಂದಿದ್ದೆ.

ಭಾನುವಾರ ಅಂದರೆ ಪ್ರಶ್ನೆಪತ್ರಿಕೆಗೆ ನಾನು ಹೆದರಿದ್ದಲ್ಲ ಆಂಟಿ. ಸಂಜೆಯ ಆ ಮುಖಕ್ಕೆ.

ನನಗೆ ಎಂಬಿಬಿಎಸ್ ಸೀಟು ಸಿಗಲಿಲ್ಲ. ಸಿಇಟಿ ಮೂಲಕ ಇಲ್ಲೇ ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ಬಂದೆ, ನಾಲ್ಕು ವರ್ಷದ ಬಿ.ಎಫ್.ಎಸ್ಸಿ. 1969ರಲ್ಲಿ ಶುರುವಾದ ಕಾಲೇಜು ನಮ್ಮ ಊರಿನಲ್ಲೇ ಇದೆ, ಆದರೂ ಫಾರಂ ತುಂಬುವ ತನಕ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಇಷ್ಟ ಆಗಿದೆ. ಕ್ಲಾಸ್‌ಮೇಟ್‌ಗಳು ಬಿಳಿ ಕೋಟು ಹಾಕಿಕೊಂಡ ಫೋಟೋ ಹಾಕಿದಾಗ ಇನ್ನೂ ಸ್ವಲ್ಪ ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಬಸ್ಸಿನಲ್ಲಿ ಕೂತ ಭಯದಷ್ಟು ಆಗಲಿಲ್ಲ.

ಬಿಜೈ ಅಮ್ಮ (ಮಂಗಳವಾರ, ರಾತ್ರಿ 11.30)

ಮಗಳೇ, ನೀನು ಬರೆದದ್ದನ್ನು ನಾಲ್ಕು ಸಲ ಓದಿದೆ. ನಾನೂ ಅಲ್ಲೇ ನಿಂತಿರುತ್ತೇನೆ, ಸಿಟ್‌ಔಟಿನಲ್ಲಿ.

ಮಣಿಪಾಲದ ನರ್ಸ್ (ಬುಧವಾರ, ಮಧ್ಯಾಹ್ನ 1.10)

ಒಂದು ವಿಷಯ ಸೇರಿಸಲೇಬೇಕು. ಹೊಟ್ಟೆನೋವು, ತಲೆನೋವು ಇಷ್ಟೇ ಆದರೆ ಮನೆಯಲ್ಲೇ ಸುಧಾರಿಸಬಹುದು. ಆದರೆ ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಇಲ್ಲ, ಮೊದಲು ಇಷ್ಟ ಇದ್ದದ್ದು ಯಾವುದೂ ಬೇಡ, ಗೆಳತಿಯರ ಜೊತೆಗೂ ಮಾತಿಲ್ಲ ಅಂದರೆ ತಡ ಮಾಡಬೇಡಿ. "ನಾನಿದ್ದು ಏನು ಪ್ರಯೋಜನ", "ನಾನಿಲ್ಲದಿದ್ದರೆ ನಿಮಗೆ ಖರ್ಚು ಉಳಿಯುತ್ತದೆ" ಅನ್ನುವ ಮಾತು ಬಂದರೆ ತಮಾಷೆ ಅಂತ ಬಿಡಬೇಡಿ. "ಸಾಯಬೇಕು ಅಂತ ಅನಿಸುತ್ತಿದೆಯಾ ಮಗಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಯಾರೋ ಕೇಳಿದರಲ್ಲ ಅಂತ ಎದೆ ಹಗುರ ಆಗುತ್ತದೆ. ಹೌದು ಅಂದರೆ ಒಂಟಿಯಾಗಿ ಬಿಡದೆ ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಉಂಟು, 14416. 2022ರಿಂದ ನಡೆಯುತ್ತಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳೂ ಮಾಡಬಹುದು, ನಾವೂ ಮಾಡಬಹುದು. ಮಂಗಳೂರಿನಲ್ಲಿ ವೆನ್‌ಲಾಕ್, ಉಡುಪಿಯಲ್ಲಿ ಅಜ್ಜರಕಾಡು ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಜ್ವರಕ್ಕೆ ಹೋದ ಹಾಗೆ ಹೋಗಿ ಬನ್ನಿ.

ಮಂಜೇಶ್ವರ (ಬುಧವಾರ, ರಾತ್ರಿ 9.00)

ನನ್ನದೂ ಒಂದು ಪ್ರಶ್ನೆ. ಮುಂದಿನ ವಾರ ಕುಟುಂಬದ ಮನೆಯಲ್ಲಿ ನೇಮ (ದೈವದ ಕೋಲ) ಉಂಟು. ಮಗಳಿಗೆ ಬರುವ ಆಸೆ. ಬಂದರೆ ಒಂದೂವರೆ ದಿನ ಹೋಗುತ್ತದೆ, ಸಾಲದ್ದಕ್ಕೆ ನೆಂಟರೆಲ್ಲ ಸೇರಿ "ನೀಟ್ ಎಷ್ಟು ಬರಬಹುದು" ಅಂತ ಕೇಳುತ್ತಾರೆ.

ಸುರತ್ಕಲ್ ಮಾವ (ಬುಧವಾರ, ರಾತ್ರಿ 9.25)

ಕರೆದುಕೊಂಡು ಹೋಗಿ. ದೈವದ ಪ್ರಸಾದ ತೆಗೆದುಕೊಂಡು ಬರಲಿ. ಕೇಳುವವರಿಗೆ ನೀವೇ ಉತ್ತರ ಕೊಡಿ, ಮಗುವಿನ ತನಕ ಬಿಡಬೇಡಿ. ಒತ್ತಡ ಬೇಕು ಅಂತ ಹೇಳಿದವನು ನಾನೇ, ಅದನ್ನು ಈಗಲೂ ಪೂರ್ತಿ ಬಿಟ್ಟಿಲ್ಲ. ಆದರೆ ಆ ಬಸ್ಸಿನ ಹುಡುಗಿ ಬರೆದದ್ದು ಓದಿದ ಮೇಲೆ ಮೊಮ್ಮಗನಿಗೆ ಫೋನ್ ಮಾಡಿ ಮಾರ್ಕ್ಸ್ ಕೇಳುವುದು ನಿಲ್ಲಿಸಿದ್ದೇನೆ.

ರಸಾಯನಶಾಸ್ತ್ರ ಮೇಡಂ, ಉಡುಪಿ (ಗುರುವಾರ, ಬೆಳಿಗ್ಗೆ 6.50)

ಹೋಗಲಿ. ಒಂದೂವರೆ ದಿನದಲ್ಲಿ ಸೀಟು ಹೋಗುವುದಿಲ್ಲ. ರಾತ್ರಿ ಪೂರ್ತಿ ನಿದ್ದೆಗೆಡದಂತೆ ಮಾತ್ರ ನೋಡಿಕೊಳ್ಳಿ.

ಇನ್ನೊಂದು ಮರೆತಿದ್ದೆ. 2024ರಿಂದ ಸೆಕೆಂಡ್ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಮಾರ್ಚ್‌ನದ್ದು ಕೆಟ್ಟರೆ ಎರಡನೆಯದು ಬರೆಯಬಹುದು, ಯಾವುದರಲ್ಲಿ ಜಾಸ್ತಿ ಬಂದಿದೆಯೋ ಅದೇ ಅಂಕ ನಿಲ್ಲುತ್ತದೆ. ಎಷ್ಟೋ ಮಕ್ಕಳು ಈಗಲೂ ಒಂದೇ ಅವಕಾಶ ಅಂದುಕೊಂಡು ನಡುಗುತ್ತಾರೆ. ಈವತ್ತೇ ಹೇಳಿ.

ಬಿಜೈ ಅಮ್ಮ (ಮುಂದಿನ ಸೋಮವಾರ, ರಾತ್ರಿ 9.50)

ಎಲ್ಲರಿಗೂ ತಿಳಿಸಬೇಕು ಅಂತ ಬರೆಯುತ್ತಿದ್ದೇನೆ. ಬುಧವಾರ ಡಾಕ್ಟರ್ ನೋಡಿದರು. ಅಸಿಡಿಟಿಯೂ ಸ್ವಲ್ಪ ಇದೆ ಅಂದರು, ಹದಿನೈದು ದಿನಕ್ಕೆ ಮಾತ್ರೆ ಕೊಟ್ಟಿದ್ದಾರೆ. ಹೊರಗೆ ಬರುವಾಗ ಮಗಳ ಹತ್ತಿರ "ನಾಟಕ ಅಂದದ್ದು ನನ್ನ ತಪ್ಪು" ಅಂದೆ. ಅವಳು ಆಟೋದಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟು ಮನೆ ತನಕ ಅತ್ತಳು. ರಾತ್ರಿಯ ಕಾಫಿ ನಿಂತಿದೆ. ಹನ್ನೊಂದಕ್ಕೆ ದೀಪ ಆರಿಸುತ್ತೇವೆ, ನಾನೂ ಅವಳ ಜೊತೆಗೇ ಮಲಗುತ್ತೇನೆ.

ಅವಳ ಅಪ್ಪನಿಗೂ ಈ ಮಾತುಗಳನ್ನೆಲ್ಲ ಕಳಿಸಿದೆ. ಈಗ ಅವರು ಕಾಲೇಜುಗಳ ಫೀ ಪಟ್ಟಿ ಮಾಡುತ್ತಿದ್ದಾರೆ. ಫೋನಿನಲ್ಲಿ ಅವಳ ಹತ್ತಿರ ಕ್ರಿಕೆಟ್ ಮಾತಾಡುತ್ತಾರೆ.

ನಿನ್ನೆ ಬೆಳಿಗ್ಗೆಯೂ ಹೊಟ್ಟೆ ಹಿಡಿದುಕೊಂಡೇ ಎದ್ದಳು, ಪೂರ್ತಿ ಹೋಗಿಲ್ಲ. ಆದರೆ ವಾಂತಿ ಆಗಲಿಲ್ಲ. ಗಂಜಿ ತುಪ್ಪ ಸ್ವಲ್ಪ ಕುಡಿದು ಹೋದಳು. ಕೋಚಿಂಗಿನವರ ಗ್ರೂಪಿನಿಂದ ನಾನು ಶನಿವಾರವೇ ಹೊರಗೆ ಬಂದಿದ್ದೆ. ಏನಾದರೂ ತುರ್ತು ಇದ್ದರೆ ಫೋನ್ ಮಾಡಿ ಅಂತ ಅವರಿಗೆ ಹೇಳಿದ್ದೇನೆ. ಸಂಜೆ ಅವಳು ಬರುವ ಹೊತ್ತಿಗೆ ನಾನು ಹಿತ್ತಿಲಲ್ಲಿ ಬಸಳೆಗೆ ನೀರು ಬಿಡುತ್ತಿದ್ದೆ. ಗೇಟಿನ ಸದ್ದು ಕೇಳಿತು. ಸಿಟ್‌ಔಟಿನಲ್ಲಿ ಸ್ವಲ್ಪ ಹೊತ್ತು ನಿಂತಳು ಅಂತ ಕಾಣುತ್ತದೆ, ಆಮೇಲೆ ಹಿತ್ತಿಲಿಗೇ ಬಂದಳು. ನನ್ನ ಕೈಯಿಂದ ಪೈಪು ತೆಗೆದುಕೊಂಡು, "ನೀವು ಹೋಗಿ ಚಾ ಮಾಡಿ ಅಮ್ಮಾ, ನಾನು ಬಿಡ್ತೇನೆ" ಅಂದಳು.

ಎಷ್ಟು ಬಂತು ಅಂತ ನಾನು ಕೇಳಲಿಲ್ಲ. ಅವಳೂ ಇನ್ನೂ ಹೇಳಿಲ್ಲ.